ಟೈ ಕೇಳದ ಮರ್ಯಾದೆ: ಸಫಾರಿ ಸೂಟಿನ ಕಥೆ

2023ರ ನವೆಂಬರ್ 28ರಂದು ಕೀನ್ಯಾದ ಸಂಸತ್ತಿನಲ್ಲಿ ಸ್ಪೀಕರ್ ಮೋಸೆಸ್ ವೆಟಾಂಗುಲಾ ಉಡುಪಿನ ಬಗ್ಗೆ ಒಂದು ಕಟ್ಟಪ್ಪಣೆ ಹೊರಡಿಸಿದರು. ಇನ್ನು ಮುಂದೆ ‘ಕೌಂಡಾ ಸೂಟ್’ ತೊಟ್ಟು ಯಾರೂ ಸದನದೊಳಗೆ ಕಾಲಿಡುವಂತಿಲ್ಲ. ಗಂಡಸರಾದರೆ ಕೋಟು, ಕಾಲರ್, ಟೈ, ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು, ಕಾಲುಚೀಲ, ಬೂಟು ಇರಲೇಬೇಕು. ಆಫ್ರಿಕದ ಸಾಂಪ್ರದಾಯಿಕ ಉಡುಪಿಗೂ ಒಳಗೆ ಜಾಗವಿಲ್ಲ. ಆ ದೇಶದ ಅಧ್ಯಕ್ಷ ವಿಲಿಯಂ ರೂಟೊ ಆ ವರ್ಷವಿಡೀ ಮೆಚ್ಚಿ ತೊಡುತ್ತಿದ್ದದ್ದು ಇದೇ ಕೌಂಡಾ ಸೂಟನ್ನು.

ಕೌಂಡಾ ಸೂಟಿನ ಚಿತ್ರ ತೋರಿಸಿದರೆ ಕರ್ನಾಟಕದ ಯಾವ ಊರಿನ ಹಳೆಯ ದರ್ಜಿಯೂ ಒಂದೇ ನೋಟಕ್ಕೆ ಅದನ್ನು ಗುರುತಿಸಿಯಾನು. ಮೇಲೂ ಕೆಳಗೂ ಒಂದೇ ಬಟ್ಟೆ. ಪ್ಯಾಂಟಿನೊಳಗೆ ಸಿಕ್ಕಿಸದೆ ಹೊರಗೇ ಬಿಡುವ ಅರ್ಧ ತೋಳಿನ ಮೇಲಂಗಿ. ಅಗಲವಾದ ಕಾಲರು, ಮುಂದೆ ಸಾಲು ಗುಂಡಿ, ಎದೆಯ ಮೇಲೆರಡು, ಸೊಂಟದ ಕೆಳಗೆರಡು ಜೇಬು. ಟೈ ಬೇಡ, ಒಳಗೆ ಇನ್ನೊಂದು ಅಂಗಿಯೂ ಬೇಡ. ನಾವು ಇದನ್ನು ಸಫಾರಿ ಎನ್ನುತ್ತೇವೆ. ಜಾಂಬಿಯಾದಿಂದ ಕೀನ್ಯಾದವರೆಗೆ ಇದು ಕೌಂಡಾ ಸೂಟು. ಜಮೈಕಾದಲ್ಲಿ ಇದರ ಹತ್ತಿರದ ನೆಂಟನಿಗೆ ಕರಿಬಾ ಎಂದು ಹೆಸರು.

ಬಿಸಿಲ ನಾಡಿನ ಮನುಷ್ಯ ಮರ್ಯಾದಸ್ಥನಾಗಿ ಕಾಣಬೇಕಾದರೆ ಚಳಿ ದೇಶದ ಬಟ್ಟೆಯನ್ನೇ ತೊಡಬೇಕೆ? ಈ ಪ್ರಶ್ನೆಗೆ ಕಳೆದ ಶತಮಾನದಲ್ಲಿ ಸಿಕ್ಕ ಉತ್ತರಗಳಲ್ಲಿ ಸಫಾರಿಯದು ಬಹಳ ಸರಳವಾದ ಮತ್ತು ಬಹಳ ಜನರಿಗೆ ಎಟುಕಿದ ಉತ್ತರ. ಅದನ್ನು ನಾವು ಕೈಬಿಟ್ಟೆವು. ಕೈಬಿಟ್ಟ ಕಾರಣ ಸರಿಯಾದುದಾಗಿರಲಿಲ್ಲ ಎಂಬುದು ನನ್ನ ನಂಬಿಕೆ.

ಪಯಣದ ಹೆಸರು, ಮಣ್ಣಿನ ಬಣ್ಣ

ಅರಬಿಯಲ್ಲಿ ‘ಸಫರ್’ ಎಂದರೆ ಪ್ರಯಾಣ. ಬೀದರ್, ಕಲಬುರಗಿಯ ಮನೆಗಳಲ್ಲಿ ಕೇಳಿಬರುವ ಉರ್ದುವಿನ ಸಫರ್ ಕೂಡ ಅದೇ. ಅರಬ್ ವ್ಯಾಪಾರಿಗಳ ಒಡನಾಟದಿಂದ ಆಫ್ರಿಕದ ಪೂರ್ವ ಕರಾವಳಿಯ ಸ್ವಾಹಿಲಿ ಭಾಷೆಗೆ ಹೋದಾಗ ಅದು ‘ಸಫಾರಿ’ಯಾಯಿತು. ಹೊರೆಯಾಳುಗಳ ಸಾಲು ಕಟ್ಟಿಕೊಂಡು ಒಳನಾಡಿಗೆ ಹೊರಡುವ ದೂರದ ನಡಿಗೆಗೆ ಅಲ್ಲಿ ಆ ಹೆಸರು. ಐರೋಪ್ಯರು ಅದೇ ದಾರಿಗಳಲ್ಲಿ ಬಂದೂಕು ಹಿಡಿದು ನಡೆದ ಮೇಲೆ ಇಂಗ್ಲಿಷಿನಲ್ಲಿ ಸಫಾರಿ ಎಂದರೆ ಬೇಟೆಯ ಯಾತ್ರೆ ಎಂಬ ಅರ್ಥ ನಿಂತಿತು. ಕನ್ನಡಕ್ಕೆ ಬರುವಾಗ ಈ ಪದ ಎರಡು ಅರ್ಥ ಹೊತ್ತು ತಂದಿತು. ಬಂಡೀಪುರದಲ್ಲಿ ಬೆಳಗ್ಗೆ ಜೀಪು ಹತ್ತಿ ಹೋಗುವುದೂ ಸಫಾರಿ, ಅಣ್ಣನ ಮದುವೆಗೆ ಹೊಲಿಸುವುದೂ ಸಫಾರಿ. ಎರಡನ್ನೂ ಬಳಸುವ ನಮಗೆ ಒಮ್ಮೆಯೂ ಗೊಂದಲವಾದದ್ದಿಲ್ಲ.

ಹೆಸರಿಗಿಂತ ಮೊದಲು ಬಂದದ್ದು ಬಣ್ಣ. ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಬ್ರಿಟಿಷ್ ಸೈನಿಕರು ಹೆಚ್ಚಾಗಿ ಕೆಂಪು ಕೋಟಿನಲ್ಲಿ ಕಾದಾಡುತ್ತಿದ್ದರು. 1846ರಲ್ಲಿ ಪೇಶಾವರದಲ್ಲಿ ಬ್ರಿಟಿಷ್ ಅಧಿಕಾರಿ ಹ್ಯಾರಿ ಲಂಸ್‌ಡೆನ್ ‘ಗೈಡ್ಸ್’ ಎಂಬ ದಳವನ್ನು ಕಟ್ಟಿದಾಗ ತನ್ನ ಆಳುಗಳಿಗೆ ಸಡಿಲವಾದ, ಮಣ್ಣಿನ ಬಣ್ಣದ ಬಟ್ಟೆ ಕೊಡಿಸಿದ. ಪರ್ಷಿಯನ್ ಮತ್ತು ಉರ್ದುವಿನಲ್ಲಿ ‘ಖಾಕ್’ ಎಂದರೆ ದೂಳು, ಮಣ್ಣು. ಅದರಿಂದ ಖಾಕಿ.

ಈ ಬಣ್ಣದ ಇತಿಹಾಸದಲ್ಲಿ ನಮ್ಮ ಮಂಗಳೂರಿಗೂ ಪಾಲಿದೆ. ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನವರು ನಡೆಸುತ್ತಿದ್ದ ನೇಯ್ಗೆಯ ಕಾರ್ಖಾನೆಗೆ 1851ರ ಸುಮಾರಿಗೆ ಜಾನ್ ಹಾಲರ್ ಎಂಬ ನೇಕಾರ ಯುರೋಪಿನಿಂದ ಬಂದ. ಮಿಷನ್ ಮಗ್ಗಗಳ ಬಟ್ಟೆಗೆ ಮಾಸದ ಖಾಕಿ ಬಣ್ಣ ಹಾಕುವ ವಿಧಾನವನ್ನು ಕಂಡುಹಿಡಿದವನು ಅವನೇ ಎಂದು ಮಂಗಳೂರಿನ ಚರಿತ್ರೆ ಹೇಳುವವರು ಅಭಿಮಾನದಿಂದ ನೆನೆಯುತ್ತಾರೆ. ಪೇಶಾವರದ ಮಣ್ಣಿಗೂ ಕರಾವಳಿಯ ಬಣ್ಣದ ಬಾನಿಗೂ ಸಲ್ಲಬೇಕಾದ ಈ ಬಟ್ಟೆ ಶತಮಾನ ಮುಗಿಯುವ ಹೊತ್ತಿಗೆ ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ಮೈಮೇಲೆಲ್ಲ ಹರಡಿತ್ತು. ಸಫಾರಿ ಜಾಕೆಟ್ಟಿಗೆ ಬಟ್ಟೆಯೂ ಕಟ್ಟೂ ಬಂದದ್ದು ಈ ಸಮವಸ್ತ್ರದಿಂದ.

ಬೇಟೆಗಾರನ ಜೇಬು, ದರ್ಜಿಯ ಕೈ

1909ರ ಏಪ್ರಿಲ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಮಗ ಕೆರ್ಮಿಟ್ ಜೊತೆ ಪೂರ್ವ ಆಫ್ರಿಕದ ಮೊಂಬಾಸಾದಲ್ಲಿ ಹಡಗಿನಿಂದಿಳಿದರು. ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಮಾದರಿಗಳನ್ನು ಕೂಡಿಹಾಕುವುದು ಉದ್ದೇಶ. ತಂದೆ ಮಗ ಇಬ್ಬರೇ ಗುಂಡಿಕ್ಕಿ ಕೊಂದ ಪ್ರಾಣಿಗಳು 512. ಆ ಯಾತ್ರೆಯ ವರದಿಗಳೂ ಛಾಯಾಚಿತ್ರಗಳೂ ಜಗತ್ತನ್ನೆಲ್ಲ ಸುತ್ತಿದವು. ಸಫಾರಿ ಎಂಬ ಪದವೂ ಖಾಕಿ ಜಾಕೆಟ್ಟಿನ ಗಂಡಸಿನ ಚಿತ್ರವೂ ಒಟ್ಟಿಗೆ ಮನೆಮಾತಾದವು.

ಆ ಜಾಕೆಟ್ಟಿನ ಒಂದೊಂದು ಹೊಲಿಗೆಗೂ ಕೆಲಸವಿತ್ತು. ಒತ್ತಾಗಿ ನೇಯ್ದ ಹತ್ತಿಯ ಡ್ರಿಲ್ ಬಟ್ಟೆ ಮುಳ್ಳಿಗೆ ಹರಿಯದು, ಬೆವರನ್ನೂ ಹೀರುತ್ತದೆ. ನೆರಿಗೆ ಕೊಟ್ಟು ಹೊಲಿದ ಜೇಬು ತುಂಬಿದಾಗ ಉಬ್ಬಿ ತೋಟಾಗಳಿಗೆ ಜಾಗ ಮಾಡುತ್ತದೆ, ಖಾಲಿಯಿದ್ದಾಗ ಮೈಗೆ ಅಂಟಿಕೊಳ್ಳುತ್ತದೆ. ಜೇಬಿನ ಮೇಲಿನ ಮುಚ್ಚಳದಿಂದ ಓಡುವಾಗ ಒಳಗಿನದು ಚೆಲ್ಲದು. ಹೆಗಲ ಮೇಲಿನ ಪಟ್ಟಿ ಬಂದೂಕಿನ ಬಾರು ಜಾರದಂತೆ ತಡೆಯುತ್ತದೆ. ಬೆನ್ನಿನ ಮಡಿಕೆ ತೋಳೆತ್ತಿ ಗುರಿಯಿಡುವಾಗ ಬಿಚ್ಚಿಕೊಳ್ಳುತ್ತದೆ. ಸೊಂಟದ ಪಟ್ಟಿ ಭಾರವನ್ನು ಹಂಚುತ್ತದೆ. ಮುಂದೆ ಕಚೇರಿಯ ಮೇಜಿನ ಹಿಂದೆ ಕುಳಿತವರ ಮೈಮೇಲೆ ಹೆಗಲ ಪಟ್ಟಿ ಬರಿಯ ಅಲಂಕಾರವಾಗಿ ಉಳಿಯಿತು. ತೋಟಾ ಇರುತ್ತಿದ್ದ ಜೇಬಿಗೆ ಕನ್ನಡಕ, ಪೆನ್ನು, ಬಸ್ ಟಿಕೇಟು ಬಂದವು.

ಈ ಬಟ್ಟೆ ತೊಟ್ಟವರ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಹೊಲಿದವರನ್ನು ನೆನೆದವರು ಕಡಿಮೆ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ದಡಕ್ಕೆ ಬ್ರಿಟಿಷರು ರೈಲು ಹಳಿ ಹಾಕಿಸಿದಾಗ ಭಾರತದಿಂದ ಸುಮಾರು 32,000 ಕೂಲಿಯಾಳುಗಳನ್ನು ಕರೆದೊಯ್ದರು. ಅವರ ಹಿಂದೆಯೇ ವ್ಯಾಪಾರಿಗಳು, ಗುಮಾಸ್ತರು, ಬಡಗಿಗಳು, ದರ್ಜಿಗಳು ಹೋದರು. ಹಳಿ ಹಾಕುವ ಬಿಡಾರದಿಂದ ಬೆಳೆದ ಊರು ನೈರೋಬಿ. ಅಲ್ಲಿಗೆ ಬಂದಿಳಿಯುತ್ತಿದ್ದ ಬೇಟೆಗಾರರಿಗೆ ಅಳತೆ ತೆಗೆದು, ಕಾಡಿಗೆ ಹೊರಡುವಷ್ಟರಲ್ಲಿ ಜಾಕೆಟ್ಟು, ಪ್ಯಾಂಟು ಸಿದ್ಧಮಾಡಿ ಕೊಡುತ್ತಿದ್ದವರಲ್ಲಿ ಭಾರತೀಯ ಮೂಲದ ದರ್ಜಿಗಳು ಹೆಸರಾಗಿದ್ದರು. ಸಫಾರಿ ಭಾರತಕ್ಕೆ ಫ್ಯಾಷನ್ನಾಗಿ ಬರುವುದಕ್ಕೆ ಎಷ್ಟೋ ಮೊದಲು ಭಾರತೀಯರ ಕೈಯಲ್ಲಿ ಹೊಲಿಗೆ ಕಂಡಿತ್ತು.

ಎರಡನೇ ಮಹಾಯುದ್ಧ ಈ ಉಡುಪನ್ನು ಸಾಮಾನ್ಯ ಸಿಪಾಯಿಯವರೆಗೆ ತಂದಿತು. ಉತ್ತರ ಆಫ್ರಿಕದ ಮರಳಿನಲ್ಲೂ ಬರ್ಮಾದ ಕಾಡಿನಲ್ಲೂ ಹೋರಾಡಿದವರು ‘ಬುಷ್ ಜಾಕೆಟ್’ ತೊಟ್ಟರು. ಯುದ್ಧ ಮುಗಿದ ಮೇಲೆ ಅದರ ಹಗುರ ರೂಪ ಊರೊಳಗೆ ಬಂದು ‘ಬುಷ್ ಶರ್ಟ್’, ‘ಬುಷ್ ಕೋಟು’ ಎನಿಸಿಕೊಂಡಿತು. ಐವತ್ತು ಅರವತ್ತರ ದಶಕದಲ್ಲಿ ಕಾಲೇಜು ಓದಿದವರ ಬಾಯಲ್ಲಿ ಈ ಮಾತು ಇನ್ನೂ ಕೇಳಸಿಗುತ್ತದೆ. ಅಂಗಿಯನ್ನು ಹೊರಗೆ ಬಿಟ್ಟೂ ಸಭ್ಯನಾಗಿರಬಹುದು ಎಂಬುದನ್ನು ನಮ್ಮ ಪೇಟೆಗಳಿಗೆ ಮೊದಲು ಕಲಿಸಿದ್ದು ಬುಷ್ ಶರ್ಟು.

ಅಧ್ಯಕ್ಷರ ಮೈಮೇಲೆ

1964ರ ಅಕ್ಟೋಬರ್ 24ರಂದು ಉತ್ತರ ರೊಡೇಷಿಯಾ ಸ್ವತಂತ್ರವಾಗಿ ಜಾಂಬಿಯಾ ಎಂಬ ಹೆಸರು ಪಡೆಯಿತು. ಮೊದಲ ಅಧ್ಯಕ್ಷ ಕೆನೆತ್ ಕೌಂಡಾ. ಮಾಸ್ತರಿಕೆಯಿಂದ ಚಳವಳಿಗೆ ಬಂದವರು, ಗಾಂಧೀಜಿಯ ಅಹಿಂಸೆಯನ್ನು ದಾರಿಯಾಗಿ ಹಿಡಿದವರು. 1991ರವರೆಗೂ ಅಧಿಕಾರದಲ್ಲಿದ್ದ ಅವರ ಕೈಯಲ್ಲಿ ಬಿಳಿ ಕರವಸ್ತ್ರ, ಮೈಮೇಲೆ ಸಫಾರಿ ಸೂಟು ಎಂಬುದು ಆಫ್ರಿಕಕ್ಕೆಲ್ಲ ಪರಿಚಿತ ಚಿತ್ರ. ನೆರೆಯ ದೇಶಗಳ ಜನ ಆ ಉಡುಪಿಗೆ ಅವರ ಹೆಸರನ್ನೇ ಇಟ್ಟರು.

ಬಿಳಿಯ ಬೇಟೆಗಾರನ ಗುರುತಾಗಿದ್ದ ಜಾಕೆಟ್ಟನ್ನು ಆ ನೆಲದ ನಾಯಕ ತೊಟ್ಟು ರಾಜ್ಯಭಾರ ಮಾಡಿದ್ದು ಸಣ್ಣ ಸಂಗತಿಯಲ್ಲ. ಕೋಟು, ಟೈ ತೊಟ್ಟಿದ್ದರೆ ಕೌಂಡಾ ಹಿಂದಿನ ಗವರ್ನರನ ಜಾಗಕ್ಕೆ ಬಂದ ಇನ್ನೊಬ್ಬರಂತೆ ಕಾಣಿಸುತ್ತಿದ್ದರು. ಹತ್ತಾರು ಬುಡಕಟ್ಟುಗಳ ದೇಶದಲ್ಲಿ ಒಂದು ಬುಡಕಟ್ಟಿನ ಉಡುಪನ್ನು ಆರಿಸಿದ್ದರೆ ಮಿಕ್ಕವರಿಗೆ ಬೇಸರವಾಗುತ್ತಿತ್ತು. ಸಫಾರಿ ಯಾರ ಕುಲದ್ದೂ ಅಲ್ಲ. ಹವೆಗೆ ಒಗ್ಗುತ್ತದೆ, ಊರಿನ ದರ್ಜಿಯೇ ಹೊಲಿಯಬಲ್ಲ, ಗುಮಾಸ್ತನೂ ಕೊಳ್ಳಬಲ್ಲ.

ಅದೇ ಕಾಲದಲ್ಲಿ ಜಮೈಕಾದ ಪ್ರಧಾನಿ ಮೈಕೆಲ್ ಮ್ಯಾನ್ಲಿ ಟೈ ಬಿಟ್ಟು ಕರಿಬಾ ಸೂಟು ತೊಟ್ಟರು. ಅದನ್ನು ರೂಪಿಸಿದವರು ಅಲ್ಲಿನ ವಸ್ತ್ರ ವಿನ್ಯಾಸಕಿ ಐವಿ ರಾಲ್ಫ್. ಜೈರ್ ದೇಶದ ಸರ್ವಾಧಿಕಾರಿ ಮೊಬುಟು ಮಾತ್ರ ಬೇರೆ ದಾರಿ ಹಿಡಿದ. ಅವನ ‘ಅಬಕೋಸ್ಟ್’ ಎಂಬ ಉಡುಪಿನ ಹೆಸರಿನಲ್ಲೇ ‘ಕೋಟಿಗೆ ಧಿಕ್ಕಾರ’ ಎಂಬ ಫ್ರೆಂಚ್ ಘೋಷಣೆ ಅಡಗಿದೆ. ಅವನ ಆಳ್ವಿಕೆಯಲ್ಲಿ ಟೈ ಕಟ್ಟುವುದೇ ನಿಷಿದ್ಧವಾಗಿತ್ತು. ಬಲವಂತದಿಂದ ಹೇರಿದ್ದು ಸರ್ವಾಧಿಕಾರಿಯ ಜೊತೆಗೇ ಸೊರಗಿತು. ಜನ ತಾವಾಗಿ ಮೆಚ್ಚಿದ ಕೌಂಡಾ ಸೂಟು ಕೌಂಡಾ ಅಧಿಕಾರ ಬಿಟ್ಟು ಮೂವತ್ತು ವರ್ಷಗಳ ಮೇಲೂ ನೈರೋಬಿಯ ಸಂಸತ್ತಿನ ಬಾಗಿಲು ಬಡಿಯುವಷ್ಟು ಗಟ್ಟಿಯಾಗಿ ಉಳಿಯಿತು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕೌಂಡಾ ಯಾರ ಜನಾಂಗ ದ್ವೇಷವನ್ನು ಎದುರಿಸಿ ನಿಂತರೋ ಆ ದಕ್ಷಿಣ ಆಫ್ರಿಕದ ಬಿಳಿಯ ಅಧಿಕಾರಿಗಳಿಗೂ ಸಫಾರಿ ಅಚ್ಚುಮೆಚ್ಚು. ಸಫಾರಿಯ ಚಡ್ಡಿ, ಮೊಣಕಾಲಿನವರೆಗಿನ ಕಾಲುಚೀಲ, ಅದರಲ್ಲಿ ಸಿಕ್ಕಿಸಿದ ಬಾಚಣಿಗೆ ಎಂಬುದು ಅಲ್ಲಿ ಅವರನ್ನು ಬಣ್ಣಿಸುವ ವಾಡಿಕೆಯ ಚಿತ್ರವೇ ಆಗಿತ್ತು. ವರ್ಣಭೇದವನ್ನು ಜಾರಿ ಮಾಡಿದವರೂ ಅದನ್ನು ಖಂಡಿಸಿದವರೂ ಒಂದೇ ಕತ್ತರಿಕೆಯ ಬಟ್ಟೆ ತೊಟ್ಟಿದ್ದರು. ಹೀಗಿರುವಾಗ ಉಡುಪಿನ ತಪ್ಪು ಒಪ್ಪುಗಳನ್ನು ಬಟ್ಟೆಯಲ್ಲಿ ಹುಡುಕಿದರೆ ಸಿಗಲಾರದು. ತೊಟ್ಟವನ ನಡತೆಯನ್ನೇ ನೋಡಬೇಕು.

ಬೇಟೆ ನಿಂತ ಹೊತ್ತಿಗೇ ಬೇಟೆಯ ಉಡುಪು ಉಚ್ಛ್ರಾಯಕ್ಕೆ ಬಂದದ್ದು ಇನ್ನೊಂದು ಗಮನಿಸುವ ಸಂಗತಿ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಮರುವರ್ಷ ಹುಲಿ ಯೋಜನೆ ಆರಂಭವಾದಾಗ ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರ ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ಒಂದಾಯಿತು. ಕೀನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಇತ್ತ ಪ್ಯಾರಿಸ್ಸಿನಲ್ಲಿ ವಸ್ತ್ರ ವಿನ್ಯಾಸಕ ಈವ್ ಸಾಂ ಲೋರಾಂ 1968ರ ಹೊತ್ತಿಗೆ ಸಫಾರಿ ಜಾಕೆಟ್ಟನ್ನು ಹೆಂಗಸರ ಫ್ಯಾಷನ್ನಾಗಿಸಿದ್ದರು. ಎಪ್ಪತ್ತರ ದಶಕದಲ್ಲಿ ಜೇಮ್ಸ್ ಬಾಂಡ್ ಪಾತ್ರಧಾರಿ ರೋಜರ್ ಮೂರ್ ಅದನ್ನು ತೆರೆಯ ಮೇಲೆ ಮೆರೆಸಿದರು.

ಸಫಾರಿ ಪೀಸ್ ಕಾಲ

ಭಾರತದಲ್ಲಿ ಎಪ್ಪತ್ತು ಎಂಬತ್ತರ ದಶಕ ಸಫಾರಿಯದು. ಪಾಲಿಯೆಸ್ಟರ್ ಮಿಶ್ರಿತ ಟೆರಿಕಾಟ್ ಬಟ್ಟೆ ಪೇಟೆ ತುಂಬಿದ ಕಾಲ. ವಿಮಲ್, ರೇಮಂಡ್, ದಿನೇಶ್, ಗ್ವಾಲಿಯರ್, ಮಫತ್‌ಲಾಲ್ ಹೆಸರುಗಳು ಬಟ್ಟೆ ಅಂಗಡಿಯ ಹಲಗೆಗಳ ಮೇಲೂ ರೇಡಿಯೊ ಜಾಹೀರಾತುಗಳಲ್ಲೂ ತುಂಬಿದ್ದವು. ‘ಸೂಟಿಂಗ್ಸ್ ಅಂಡ್ ಶರ್ಟಿಂಗ್ಸ್’ ಎಂಬ ಬೋರ್ಡು ಇಲ್ಲದ ಪೇಟೆ ಬೀದಿಯೇ ಇರಲಿಲ್ಲ. ಬೂದು, ತಿಳಿನೀಲಿ, ಬಿಸ್ಕತ್ತಿನ ಬಣ್ಣ, ಕಾಫಿಪುಡಿಯ ಬಣ್ಣದ ‘ಸಫಾರಿ ಪೀಸು’ಗಳನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ಮದುಮಗನಿಗೆ, ಬೀಗರಿಗೆ, ನಿವೃತ್ತರಾಗುವ ಮೇಷ್ಟ್ರಿಗೆ ಕೊಡಲು ಅದಕ್ಕಿಂತ ಮರ್ಯಾದೆಯ ಉಡುಗೊರೆ ಇರಲಿಲ್ಲ.

ಹೊಲಿಯುವವನಿಗೂ ಅದು ಪರೀಕ್ಷೆ. ಅಂಗಿಗಿಂತ ಕಷ್ಟ, ಕೋಟಿಗಿಂತ ಸುಲಭ. ಕಾಲರಿಗೂ ಜೇಬಿನ ಮುಚ್ಚಳಕ್ಕೂ ಬಕ್ರಂ ಕೂರಿಸಬೇಕು. ನಾಲ್ಕು ಜೇಬೂ ಗೆರೆ ಎಳೆದಂತೆ ಸಮನಾಗಿ ಬರಬೇಕು, ಚೌಕುಳಿ ಬಟ್ಟೆಯಾದರೆ ಜೇಬಿನ ಗೆರೆ ಎದೆಯ ಗೆರೆಗೆ ಕೂಡಬೇಕು. ಹಿಂಬದಿಯ ಸೀಳಿಕೆ ಕುಳಿತಾಗ ಬಾಯ್ಬಿಡಬಾರದು. ಕಾಜಾ ಹೊಲಿಯುವ ಹುಡುಗನಿಂದ ಇಸ್ತ್ರಿ ಹಾಕುವವನವರೆಗೆ ಅಂಗಡಿಯ ಎಲ್ಲರಿಗೂ ಅದರಲ್ಲಿ ಕೆಲಸವಿತ್ತು. ತಾಲ್ಲೂಕು ಕೇಂದ್ರದ ಸಣ್ಣ ದರ್ಜಿಯೂ ‘ಸಫಾರಿ ಸ್ಪೆಷಲಿಸ್ಟ್’ ಎಂದು ಹೆಮ್ಮೆಯಿಂದ ಬರೆಸಿಕೊಳ್ಳಬಹುದಾಗಿತ್ತು. ಕೋಟು ಹೊಲಿಸಲು ದೊಡ್ಡ ಊರಿಗೆ ಹೋಗಬೇಕಾಗಿದ್ದವರಿಗೆ ಸಫಾರಿ ತಮ್ಮ ಬೀದಿಯಲ್ಲೇ ಸಿಕ್ಕಿತು.

ಅದನ್ನು ತೊಟ್ಟವರನ್ನು ನೆನೆಸಿಕೊಳ್ಳಿ. ಬ್ಯಾಂಕ್ ಮ್ಯಾನೇಜರು, ಹೈಸ್ಕೂಲ್ ಹೆಡ್‌ಮಾಸ್ತರು, ಬಿ.ಡಿ.ಒ., ಪಿ.ಡಬ್ಲ್ಯು.ಡಿ. ಎಂಜಿನಿಯರು, ವಿಮಾ ಕಂಪನಿಯ ಅಧಿಕಾರಿ. ಇವರಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಸಂಬಳದ ನೌಕರಿ ಹಿಡಿದವರು. ಅಪ್ಪ ಪಂಚೆಯುಟ್ಟವರು, ಅಜ್ಜ ಕಂಬಳಿ ಹೊದ್ದವರು. ಅಂಥ ಮನೆಯ ಮಗನಿಗೆ ಸಾಹೇಬನ ಕೋಟು ಮೈಗೂ ಮನಸ್ಸಿಗೂ ಬಿಗಿ. ಸಫಾರಿಯಲ್ಲಿ ಅವನು ಇನ್‌ಶರ್ಟ್ ಮಾಡದೆ, ಕೊರಳಿಗೆ ಏನನ್ನೂ ಬಿಗಿದುಕೊಳ್ಳದೆ ಅಧಿಕಾರಿಯಂತೆ ಕಂಡ. ಹಳೆಯ ಮದುವೆ ಆಲ್ಬಮ್ಮುಗಳಲ್ಲಿ ಸಫಾರಿ ತೊಟ್ಟು ನೆಟ್ಟಗೆ ನಿಂತವರ ಮುಖದಲ್ಲಿರುವುದು ಆ ಸಂಪಾದನೆಯ ಹೆಮ್ಮೆ.

ಯಜಮಾನನಿಂದ ಚಾಲಕನಿಗೆ

1985ರಲ್ಲಿ ಪ್ರಧಾನಿಯ ರಕ್ಷಣೆಗೆಂದು ಸ್ಥಾಪನೆಯಾದ ವಿಶೇಷ ರಕ್ಷಣಾ ದಳದ ಸಿಬ್ಬಂದಿಯೂ ಸಫಾರಿ ತೊಟ್ಟರು. ಸಡಿಲವಾಗಿ ಹೊರಬಿಟ್ಟ ಮೇಲಂಗಿ ಸೊಂಟದ ಆಯುಧವನ್ನು ಮರೆಮಾಡುತ್ತದೆ, ಓಡಾಟಕ್ಕೂ ಅಡ್ಡಿಯಿಲ್ಲ. ದೂರದರ್ಶನದಲ್ಲಿ ದಿನವೂ ಅವರನ್ನು ಕಂಡ ಜನರ ಮನಸ್ಸಿನಲ್ಲಿ ಸಫಾರಿ ಎಂದರೆ ಅಂಗರಕ್ಷಕ ಎಂಬ ಅರ್ಥ ಬೇರೂರಿತು. ಆಮೇಲೆ ಖಾಸಗಿ ಭದ್ರತಾ ಸಂಸ್ಥೆಗಳು, ಟ್ರಾವೆಲ್ಸ್ ಕಂಪನಿಗಳು, ಹೋಟೆಲುಗಳು ತಮ್ಮ ಕಾವಲುಗಾರರಿಗೂ ಚಾಲಕರಿಗೂ ಅದನ್ನೇ ಸಮವಸ್ತ್ರ ಮಾಡಿದವು.

1991ರ ಆರ್ಥಿಕ ಉದಾರೀಕರಣದ ನಂತರ ಸಿದ್ಧ ಉಡುಪಿನ ಮಳಿಗೆಗಳು ಬಂದವು, ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳು ಬಂದವು. ಅಧಿಕಾರಿ ಟೀ ಶರ್ಟಿಗೋ ಬ್ಲೇಜರಿಗೋ ಬದಲಾದ. ಅವನ ಕಾರು ಓಡಿಸುವವನ ಮೈಯಲ್ಲಿ ಸಫಾರಿ ಉಳಿಯಿತು. ಸಿನಿಮಾಗಳಲ್ಲಿ ಅದು ನಗೆಪಾತ್ರದ ಉಡುಪಾಯಿತು. ಹೀಗೆ ಒಂದೇ ತಲೆಮಾರಿನಲ್ಲಿ ಸಫಾರಿ ಯಜಮಾನನನ್ನು ಬಿಟ್ಟು ಚಾಲಕನನ್ನು ಸೇರಿತು, ನಗೆ ಹುಟ್ಟಿದ್ದೂ ಆಗಲೇ. ಬಟ್ಟೆ ಅದೇ, ಕತ್ತರಿಕೆ ಅದೇ, ಜೇಬೂ ಅವೇ ನಾಲ್ಕು. ಬದಲಾದದ್ದು ತೊಡುವವನ ಸಂಬಳ. ಸಫಾರಿ ಕಂಡು ನಗುವವರು ನಗುತ್ತಿರುವುದು ಬಟ್ಟೆಗಲ್ಲ, ಹನ್ನೆರಡು ಗಂಟೆ ಗೇಟಿನಲ್ಲಿ ನಿಂತು ದುಡಿಯುವ ಮನುಷ್ಯನಿಗೆ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನಮ್ಮ ಸಮಾಜದಲ್ಲಿ ಬಟ್ಟೆಯ ಹೆಸರಿನಲ್ಲಿ ನಡೆಯುವ ಅವಮಾನಕ್ಕೆ ಬಹಳ ಹಳೆಯ ಚರಿತ್ರೆಯಿದೆ.

ಸಫಾರಿಯ ಮೇಲೆ ನಿಜವಾಗಿ ಹೊರಿಸಬೇಕಾದ ದೂರು ಬೇರೆಯೇ ಇದೆ. ಬಿಸಿಲಿಗೆಂದು ಹುಟ್ಟಿದ ಹತ್ತಿಯ ಉಡುಪನ್ನು ನಾವು ಪಾಲಿಯೆಸ್ಟರಿನಲ್ಲಿ ಹೊಲಿದೆವು. ಸುಕ್ಕಾಗದು, ಬಣ್ಣ ಮಾಸದು, ಒಗೆದರೆ ಬೇಗ ಒಣಗುತ್ತದೆ, ವರ್ಷಗಟ್ಟಲೆ ಬಾಳುತ್ತದೆ ಎಂಬ ಲೆಕ್ಕ ಮಧ್ಯಮ ವರ್ಗಕ್ಕೆ ಸರಿಯಾಗಿಯೇ ಇತ್ತು. ಆದರೆ ಆ ನೂಲು ಬೆವರನ್ನು ಹೀರದು. ಮಧ್ಯಾಹ್ನದ ಹೊತ್ತಿಗೆ ಬೆನ್ನು, ಕಂಕುಳು ಒದ್ದೆಯಾಗಿ ಮೈಗಂಟುತ್ತಿತ್ತು. ಸಫಾರಿ ಸೆಕೆಯ ಉಡುಪೆಂದು ದೂರುವವರು ದೂರಬೇಕಾದದ್ದು ಅದರ ನೂಲನ್ನು.

ಬಿಸಿಲಿನ ಲೆಕ್ಕ

ಈ ಮಾತೆಲ್ಲ ಇವತ್ತು ಯಾಕೆ? ಬಿಸಿಲು ಏರುತ್ತಿರುವುದರಿಂದ. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಕಲಬುರಗಿ ವಿಭಾಗದಲ್ಲಿ, ವಿಜಯಪುರ ಬಾಗಲಕೋಟೆಗಳಲ್ಲಿ ಬೇಸಿಗೆಗೆಂದು ಸರಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೇ ತೆರೆಯುವ ಪದ್ಧತಿಯಿದೆ. ವಕೀಲರಿಗೆ ಬಾರ್ ಕೌನ್ಸಿಲ್ ನಿಯಮವೇ ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟು ಉಳಿದ ನ್ಯಾಯಾಲಯಗಳಲ್ಲಿ ಬೇಸಿಗೆಯಲ್ಲಿ ಕರಿ ಕೋಟಿನಿಂದ ವಿನಾಯಿತಿ ಕೊಟ್ಟಿದೆ. ಹವೆಗೆ ತಕ್ಕಂತೆ ಗಡಿಯಾರವನ್ನೂ ನಿಯಮವನ್ನೂ ಬದಲಿಸುವ ನಾವು ಬಟ್ಟೆಯ ಬಗ್ಗೆ ಮಾತ್ರ ಗಟ್ಟಿಯಾಗಿ ಯೋಚಿಸಿಲ್ಲ.

ಬೇರೆ ದೇಶಗಳು ಯೋಚಿಸಿವೆ. ಜಪಾನ್ ಸರಕಾರ 2005ರ ಬೇಸಿಗೆಯಲ್ಲಿ ‘ಕೂಲ್ ಬಿಜ್’ ಎಂಬ ಆಂದೋಲನ ಆರಂಭಿಸಿ, ಕಚೇರಿಯ ಎ.ಸಿ.ಯನ್ನು 28 ಡಿಗ್ರಿಗೆ ಇಡಿ, ಕೋಟು ಟೈ ಬಿಟ್ಟು ಬನ್ನಿ ಎಂದಿತು. ಬಾಂಗ್ಲಾದೇಶ 2009ರಲ್ಲಿ ವಿದ್ಯುತ್ ಉಳಿತಾಯಕ್ಕೆಂದು ಸರಕಾರಿ ನೌಕರರ ಸೂಟು, ಟೈಗಳನ್ನು ಬದಿಗಿಡಿಸಿತು. ಕೋಟು ತೊಟ್ಟವನಿಗೆ ಎ.ಸಿ. ಬೇಕು, ಎ.ಸಿ. ತಂಪಿಗೆ ಮತ್ತೆ ಕೋಟು ಬೇಕು. ಅದಕ್ಕೆ ಉರಿಯುವ ಕಲ್ಲಿದ್ದಲಿನಿಂದ ಹೊರಗಿನ ಬೀದಿ ಇನ್ನಷ್ಟು ಕಾಯುತ್ತದೆ. ಈ ಸುತ್ತನ್ನು ಬಟ್ಟೆಯ ಕಡೆಯಿಂದ ಮುರಿಯುವುದು ಅತಿ ಅಗ್ಗದ ದಾರಿ.

ಅದಕ್ಕೆ ಬೇಕಾದ ನೂಲು ನಮ್ಮಲ್ಲೇ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ ಖಾದಿ ಸಂಸ್ಥೆಯಿದೆ, ಅದರ ಬಟ್ಟೆ ಬಾಗಲಕೋಟೆ ಸೀಮೆಯ ಮಗ್ಗಗಳಲ್ಲಿ ನೇಯ್ದದ್ದು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಕೊಟ್ಟ ಮೇಲೆ ಅಲ್ಲಿನ ನೂಲುವ, ನೇಯುವ, ಹೊಲಿಯುವ ಹೆಣ್ಣುಮಕ್ಕಳು ಕೆಲಸದ ಚಿಂತೆಯಲ್ಲಿದ್ದಾರೆ. ಧ್ವಜಕ್ಕೆ ಬೇಕಾದಷ್ಟು ಗಟ್ಟಿ ಬಟ್ಟೆ ನೇಯಬಲ್ಲ ಆ ಕೈಗಳಿಗೆ ಸಫಾರಿಯ ಬಟ್ಟೆ ಕಷ್ಟದ್ದಲ್ಲ. ರಾಜ್ಯದ ಕಚೇರಿಗಳು ಹತ್ತಿ ಅಥವಾ ಖಾದಿಯ ಸಫಾರಿಯನ್ನು ಬೇಸಿಗೆಯ ಶಿಷ್ಟ ಉಡುಪೆಂದು ಒಪ್ಪಿದರೆ ಮಗ್ಗಕ್ಕೂ ದರ್ಜಿಯ ಅಂಗಡಿಗೂ ಕೆಲಸ ಹುಟ್ಟುತ್ತದೆ.

ಆದೇಶಕ್ಕೆ ಕಾಯಬೇಕಾಗಿಯೂ ಇಲ್ಲ. ಒಳ್ಳೆಯ ಹತ್ತಿ ಬಟ್ಟೆ ತಂದು, ತೊಳೆದು ಒಣಗಿಸಿ ಕುಗ್ಗಿಸಿದ ಮೇಲೆ ನಿಮ್ಮ ಬೀದಿಯ ದರ್ಜಿಗೆ ಕೊಡಿ. ಹೆಗಲ ಪಟ್ಟಿ ಬೇಡ, ಒಳಪದರ ಬೇಡ, ಬಕ್ರಂ ಕಾಲರಿಗೆ ಮಾತ್ರ ಸಾಕು, ಬೆನ್ನಿಗೆ ಗಾಳಿಯಾಡುವಷ್ಟು ಸಡಿಲ ಬಿಡಿ, ನಾಲ್ಕೂ ಜೇಬು ಇರಲಿ ಎನ್ನಿ. ಅದನ್ನು ತೊಟ್ಟು ಕಚೇರಿಗೆ ಹೋಗಿ, ಮದುವೆಗೆ ಹೋಗಿ. ಗೇಟಿನಲ್ಲಿ ನಿಂತ ಕಾವಲುಗಾರನೂ ನೀವೂ ಒಂದೇ ಬಗೆಯ ಉಡುಪಿನಲ್ಲಿದ್ದರೆ ಯಾರ ಮರ್ಯಾದೆಯೂ ಕಡಿಮೆಯಾಗುವುದಿಲ್ಲ. ಉಡುಪು ನೋಡಿ ಮನುಷ್ಯನನ್ನು ಅಳೆಯುವ ಚಟವಾದರೂ ಅಷ್ಟು ಕಡಿಮೆಯಾಗುತ್ತದೆ.